ಭೂವಿಜ್ಞಾನದಲ್ಲಿ ಪಿಎಚ್.ಡಿ: ವಿಷಯ ಹುಡುಕುವುದರಿಂದ ವೈವಾ ತನಕ

ಎಂಎಸ್ಸಿ ಜಿಯಾಲಜಿ ಮುಗಿಸಿದವರು ಮೊದಲು ಕೇಳುವುದು "ಯಾವ ಯೂನಿವರ್ಸಿಟಿ ಒಳ್ಳೇದು?" ಅಂತ. ನನ್ನನ್ನು ಕೇಳಿದರೆ ಅದು ನಾಲ್ಕನೇ ಪ್ರಶ್ನೆ. ಮೊದಲಿನ ಮೂರು ಹೀಗಿವೆ. ನೀವು ಕೆಲಸ ಮಾಡಬೇಕೆಂದಿರುವ ಕಲ್ಲು ಅಥವಾ ನೀರು ಎಲ್ಲಿದೆ? ಅದನ್ನು ಯಾವ ಯಂತ್ರದಲ್ಲಿ ಅಳೆಯುತ್ತೀರಿ? ಆ ಯಂತ್ರ ಯಾರ ಕೈಯಲ್ಲಿದೆ, ಅದರ ಖರ್ಚು ಯಾರು ಕೊಡುತ್ತಾರೆ? ಭೂವಿಜ್ಞಾನದಲ್ಲಿ ಪಿಎಚ್.ಡಿ ತಡವಾಗುವುದು ಬುದ್ಧಿ ಸಾಲದೆ ಅಲ್ಲ. ಬಹಳ ಸಲ ಸ್ಯಾಂಪಲ್‌ಗಳು ಚೀಲದಲ್ಲೇ ಕೂತಿರುತ್ತವೆ, ಲ್ಯಾಬಿನಲ್ಲಿ ಸರದಿ ಬರುವುದಿಲ್ಲ, ಅಷ್ಟರಲ್ಲಿ ಫೆಲೋಶಿಪ್ ಮುಗಿದಿರುತ್ತದೆ.

ಇಲ್ಲಿ ಹೇಳುವುದೆಲ್ಲ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಓದಿ ಮುಂದೆ ಹೋಗುವವರಿಗೆ. ಹೊರದೇಶದ ಬಗ್ಗೆ ಕೊನೆಯ ಹತ್ತಿರ ಸ್ವಲ್ಪ ಇದೆ.

ಹೆಜ್ಜೆ 1: ನಿಮಗೆ ನಿಜವಾಗಿ ಪಿಎಚ್.ಡಿ ಬೇಕಾ?

ಜಿಎಸ್‌ಐ, ಅಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಕೆಲಸ ಬೇಕು ಅನ್ನುವುದಾದರೆ ಪಿಎಚ್.ಡಿ ಬೇಕಾಗಿಯೇ ಇಲ್ಲ. ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆಗೆ ಎಂಎಸ್ಸಿ ಸಾಕು. ಕೇಂದ್ರ ಅಂತರ್ಜಲ ಮಂಡಳಿಗೂ ಅದೇ ಪರೀಕ್ಷೆ. ಆದರೆ ಅದಕ್ಕೆ ವಯಸ್ಸಿನ ಮಿತಿ ಇದೆ, ಸಾಮಾನ್ಯ ವರ್ಗಕ್ಕೆ 32. ಇಪ್ಪತ್ತನಾಲ್ಕಕ್ಕೆ ಪಿಎಚ್.ಡಿ ಸೇರಿ ಆರು ವರ್ಷ ಹಿಡಿದರೆ ಆ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಹಾಗಾಗಿ ಸರ್ಕಾರಿ ಕೆಲಸವೇ ಗುರಿಯಾಗಿದ್ದು, "ಸದ್ಯಕ್ಕೆ ಪಿಎಚ್.ಡಿಗೆ ಸೇರಿಕೊಳ್ಳೋಣ, ಆಮೇಲೆ ನೋಡಿದರಾಯ್ತು" ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುವುದು.

ಯೂನಿವರ್ಸಿಟಿಯಲ್ಲಿ ಪಾಠ ಮಾಡಬೇಕು, ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ತರಹದ ಕಡೆ ವಿಜ್ಞಾನಿ ಆಗಬೇಕು ಅನ್ನುವವರಿಗೆ ಪಿಎಚ್.ಡಿ ಬೇಕು. ಒಂದು ಪ್ರಶ್ನೆ ತಲೆ ತಿನ್ನುತ್ತಿದೆ, ಅದರ ಹಿಂದೆ ಐದು ವರ್ಷ ಬೀಳೋಕೆ ರೆಡಿ ಅನ್ನುವವರಿಗೂ ಬೇಕು. ಈ ಕೊನೆಯವರೇ ಚೆನ್ನಾಗಿ ಮುಗಿಸುವುದು.

ಹೆಜ್ಜೆ 2: ಊರಿನ ಹೆಸರು ವಿಷಯವಾಗುವುದಿಲ್ಲ

"ಚಿತ್ರದುರ್ಗ ಶಿಸ್ಟ್ ಬೆಲ್ಟ್‌ನ ಭೂವಿಜ್ಞಾನ" ಅನ್ನುವುದು ಜಾಗ ಅಷ್ಟೇ (ಶಿಸ್ಟ್ ಬೆಲ್ಟ್ ಅಂದರೆ ಪದರ ಪದರವಾಗಿ ಸೀಳುವ ಹಳೇ ಕಲ್ಲುಗಳ ಉದ್ದ ಪಟ್ಟಿ). "ಚಿತ್ರದುರ್ಗದ ಈ ಲಾವಾಗಳು ಯಾವಾಗ ಹೊರಬಂದವು, ಪಕ್ಕದ ಗ್ರಾನೈಟ್ ಅವುಗಳಿಗಿಂತ ಹಳೆಯದೋ ಹೊಸದೋ?" ಅನ್ನುವುದು ಪ್ರಶ್ನೆ. ಇದಕ್ಕೆ ಉತ್ತರ ಹಳೆಯದು, ಹೊಸದು ಅಥವಾ ಇಷ್ಟು ಕೋಟಿ ವರ್ಷ ಅಂತ ಬರುತ್ತದೆ. ಉತ್ತರ ಹೇಗಿರಬಹುದು ಅಂತ ಊಹಿಸಲೂ ಆಗದಿದ್ದರೆ ವಿಷಯ ಇನ್ನೂ ಹಣ್ಣಾಗಿಲ್ಲ ಅಂತ ತಿಳಿಯಿರಿ.

ಈ ವಿಷಯದಲ್ಲಿ ಕರ್ನಾಟಕದವರು ಪುಣ್ಯವಂತರು. ನಾವು ನಿಂತಿರುವುದೇ ಧಾರವಾಡ ಕ್ರೇಟಾನ್, ಅಂದರೆ ಭೂಖಂಡದ ಬಹಳ ಹಳೆಯ ಗಟ್ಟಿ ತುಂಡಿನ ಮೇಲೆ. ಭೂಮಿಯ ಮೊದಲ ಅರ್ಧದ ಚರಿತ್ರೆ ಓದಬೇಕು ಅನ್ನುವವರು ದೇಶವಿದೇಶಗಳಿಂದ ಇಲ್ಲಿಗೆ ಬರುತ್ತಾರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ನೋಡಿಯೇ 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 'ಪೆನಿನ್ಸುಲರ್ ನೈಸ್' ಅಂತ ಹೆಸರಿಟ್ಟದ್ದು (ನೈಸ್ ಅಂದರೆ ಪಟ್ಟೆ ಪಟ್ಟೆಯಾದ ರೂಪಾಂತರಿತ ಕಲ್ಲು). ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬಿನಂತೆ ಗಟ್ಟಿಯಾದ ಲಾವಾ ಇದೆ. ರಾಮನಗರದ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟ್ ಗ್ರಾನೈಟ್. ಬಾದಾಮಿ, ಐಹೊಳೆ ಕಡೆ ಕಲಾದಗಿ ಜಲಾನಯನದ ಮರಳುಗಲ್ಲು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಡೆಕ್ಕನ್ ಟ್ರ್ಯಾಪ್, ಅಂದರೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು.

ಹಳೇ ಕಲ್ಲೇ ಬೇಕು ಅಂತಲೂ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದವಲ್ಲ, ಯಾವ ಇಳಿಜಾರು ಕುಸಿಯಿತು, ಪಕ್ಕದ್ದು ಯಾಕೆ ಉಳಿಯಿತು ಅನ್ನುವುದು ಗಟ್ಟಿ ಪ್ರಶ್ನೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆಸಿ ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಸುತ್ತಲಿನ ಬೋರ್‌ವೆಲ್‌ಗಳ ನೀರಿನಲ್ಲಿ ಏನೇನು ಬದಲಾಯಿತು ಅನ್ನುವುದಂತೂ ಜನಕ್ಕೂ ಬೇಕಾದ ಉತ್ತರ.

ವಿಷಯ ಗಟ್ಟಿ ಮಾಡುವ ಮುಂಚೆ ಎರಡು ಕಡೆ ಹುಡುಕಿ. ಶೋಧಗಂಗಾದಲ್ಲಿ ದೇಶದ ಥೀಸಿಸ್‌ಗಳು ಪುಕ್ಕಟೆ ಸಿಗುತ್ತವೆ. ನಿಮ್ಮ ಜಾಗದ ಮೇಲೆ ಹಿಂದೆ ಬಂದ ಥೀಸಿಸ್ ಇದ್ದರೆ ಅದರ ಕೊನೆ ಅಧ್ಯಾಯ ಓದಿ. ಏನು ಉಳಿದುಹೋಯಿತು ಅಂತ ಅವರೇ ಬರೆದಿರುತ್ತಾರೆ. ಎರಡನೆಯದು ಜರ್ನಲ್ ಆಫ್ ದಿ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ. ಬಿ.ಪಿ. ರಾಧಾಕೃಷ್ಣ ಅವರು ಬಹುಕಾಲ ಕಟ್ಟಿ ಬೆಳೆಸಿದ, ಬೆಂಗಳೂರಿನಿಂದಲೇ ಬರುವ ಪತ್ರಿಕೆ. ನಮ್ಮ ಕಲ್ಲುಗಳ ಬಗ್ಗೆ ಆದ ಜಗಳಗಳೆಲ್ಲ ಅದರ ಹಳೇ ಸಂಚಿಕೆಗಳಲ್ಲಿವೆ, ಓದೋಕೆ ಮಜವಾಗಿಯೂ ಇವೆ. ಜಿಎಸ್‌ಐನ ಭೂಕೋಶ್ ಪೋರ್ಟಲ್‌ನಲ್ಲಿ ನಿಮ್ಮ ಜಾಗದ ಭೂವಿಜ್ಞಾನ ನಕ್ಷೆ ಇಳಿಸಿಕೊಂಡು ಎದುರಿಗೆ ಇಟ್ಟುಕೊಂಡು ಓದಿ, ಅರ್ಧ ತಲೆನೋವು ಕಮ್ಮಿಯಾಗುತ್ತದೆ.

ಹೆಜ್ಜೆ 3: ಒಂದು ಸ್ಯಾಂಪಲ್‌ನ ದಾರಿ ಬರೆಯಿರಿ

ಯಾರೂ ಇದನ್ನು ಮಾಡಿಸುವುದಿಲ್ಲ. ಆದರೆ ನನ್ನ ಪ್ರಕಾರ ಇಡೀ ಮಾರ್ಗದರ್ಶಿಯಲ್ಲಿ ಮುಖ್ಯವಾದ ಹೆಜ್ಜೆ ಇದೇ. ಒಂದು ಹಾಳೆ ತಗೊಳ್ಳಿ. ಬಂಡೆಯಿಂದ ಹಿಡಿದು ಕೊನೆಯಲ್ಲಿ ಟೇಬಲ್‌ನಲ್ಲಿ ಬರುವ ಸಂಖ್ಯೆಯ ತನಕ ಒಂದೇ ಒಂದು ಸ್ಯಾಂಪಲ್ ಎಲ್ಲೆಲ್ಲಿ ಹೋಗುತ್ತದೆ ಅಂತ ಬರೆಯಿರಿ.

ಉದಾಹರಣೆಗೆ ಗ್ರಾನೈಟ್‌ನ ವಯಸ್ಸು ಬೇಕು ಅಂದುಕೊಳ್ಳಿ. ಮೊದಲು ಹಾಳಾಗದ, ಹೊಸದಾಗಿ ಒಡೆದ ಕಲ್ಲು ಬೇಕು. ಮಲೆನಾಡು, ಕರಾವಳಿಯಲ್ಲಿ ಮೇಲೆ ಕಾಣುವುದೆಲ್ಲ ಜಂಬಿಟ್ಟಿಗೆ. ಒಳ್ಳೆ ಕಲ್ಲು ಸಿಗುವುದು ಕ್ವಾರಿ, ರಸ್ತೆ ಅಗೆದ ಜಾಗ ಅಥವಾ ಹೊಳೆಯ ಪಾತ್ರದಲ್ಲಿ. ಐದಾರು ಕಿಲೋ ತರುತ್ತೀರಿ. ಅದನ್ನು ಜಾ ಕ್ರಷರ್‌ನಲ್ಲಿ ಒಡೆಯಬೇಕು, ಪುಡಿ ಮಾಡಬೇಕು, ಜರಡಿ ಹಿಡಿಯಬೇಕು, ನೀರಿನಲ್ಲಿ ತೊಳೆದು ಹಗುರವಾದದ್ದನ್ನು ಹರಿಯಬಿಡಬೇಕು. ಆಮೇಲೆ ಅಯಸ್ಕಾಂತ, ಆಮೇಲೆ ಭಾರದ ದ್ರವ. ಕೊನೆಗೆ ತಳದಲ್ಲಿ ಉಳಿದ ಚಿಟಿಕೆ ಪುಡಿಯನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು, ಸೂಜಿಯ ತುದಿಯಿಂದ ಜಿರ್ಕಾನ್ ಹರಳುಗಳನ್ನು ಒಂದೊಂದಾಗಿ ಆರಿಸಬೇಕು. ಒಂದೊಂದೂ ಸುಮಾರು 0.1 ಮಿಲಿಮೀಟರ್. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೇ, ಆದರೆ ಇಲ್ಲಿ ಕಲ್ಲನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತೀರಿ. ಆರಿಸಿದ ಹರಳುಗಳನ್ನು ಎಪಾಕ್ಸಿಯಲ್ಲಿ ಕೂರಿಸಿ, ಅರ್ಧ ಸವೆಯುವ ತನಕ ಉಜ್ಜಿ ಹೊಳಪು ಕೊಟ್ಟು, ಒಳಗಿನ ಪದರಗಳ ಚಿತ್ರ ತೆಗೆದು, ಆಮೇಲೆ ಲೇಸರ್ ಇರುವ ಐಸಿಪಿ-ಎಂಎಸ್ ಅನ್ನುವ, ಧಾತುಗಳನ್ನು ಅಳೆಯುವ ಯಂತ್ರದಲ್ಲಿ ಯುರೇನಿಯಂ ಮತ್ತು ಸೀಸದ ಪ್ರಮಾಣ ಅಳೆಯುವುದು. ಹರಳಿನೊಳಗಿನ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತಾ ಹೋಗುತ್ತದೆ, ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಆ ಲೆಕ್ಕದಿಂದಲೇ ವಯಸ್ಸು ಬರುವುದು.

ಕೊನೆಯ ಅಳತೆ ಒಂದೆರಡು ದಿನದ ಕೆಲಸ. ಅದಕ್ಕೆ ಮುಂಚಿನದ್ದು ತಿಂಗಳುಗಟ್ಟಲೆ. ಮಧ್ಯೆ ಕ್ರಷರ್ ಸರಿಯಾಗಿ ಒರೆಸದೆ ಬಿಟ್ಟರೆ ಹಿಂದಿನವರ ಕಲ್ಲಿನ ಜಿರ್ಕಾನ್ ನಿಮ್ಮದರಲ್ಲಿ ಸೇರಿಕೊಂಡು, ಇಲ್ಲದ ಕಥೆ ಹೇಳಿಬಿಡುತ್ತದೆ.

ಈಗ ಹಾಳೆಯಲ್ಲಿ ಪ್ರತಿ ನಿಲ್ದಾಣದ ಎದುರು ಬರೆಯಿರಿ: ಇದು ನಮ್ಮ ಡಿಪಾರ್ಟ್‌ಮೆಂಟಿನಲ್ಲಿದೆಯಾ? ಕೆಟ್ಟು ಕೂತಿದೆಯಾ? ಇಲ್ಲದಿದ್ದರೆ ಎಲ್ಲಿದೆ, ಕಳೆದ ವರ್ಷ ನಮ್ಮವರು ಯಾರಾದರೂ ಅಲ್ಲಿಗೆ ಹೋಗಿ ಮಾಡಿಸಿಕೊಂಡು ಬಂದಿದ್ದಾರಾ? ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿ ವಯಸ್ಸು ಅಳೆಯುವ ರಾಷ್ಟ್ರೀಯ ಸೌಲಭ್ಯ ಇದೆ, ಅರ್ಜಿ ಹಾಕಿ ಸಮಯ ಪಡೆಯಬೇಕು. ಇಂಥ ಅರ್ಜಿಗಳನ್ನು ಗೈಡ್ ಹಿಂದೆ ಹಾಕಿದ್ದಾರಾ ಅಂತ ಕೇಳಿ ತಿಳಿದುಕೊಳ್ಳಿ. ಎರಡು ನಿಲ್ದಾಣದ ಎದುರು "ಗೊತ್ತಿಲ್ಲ" ಅಂತ ಬಂದರೆ ವಿಷಯ ಸ್ವಲ್ಪ ತಿರುಗಿಸಿ.

ನೀರಿನ ಕೆಲಸಕ್ಕೂ ಇದೇ ಹಾಳೆ. ದಾರಿ ಚಿಕ್ಕದು, ಅಷ್ಟೇ ಕಟ್ಟುನಿಟ್ಟು. ಪಿಎಚ್ ಮತ್ತು ವಾಹಕತೆಯನ್ನು ಬೋರ್ ಹತ್ತಿರವೇ ಅಳೆಯಬೇಕು. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಬೇಕು. ಲೋಹಗಳಿಗೆ ಅಂತ ಇಡುವ ಬಾಟಲಿಗೆ ಮಾತ್ರ ನೈಟ್ರಿಕ್ ಆಸಿಡ್ ಹಾಕಬೇಕು. ಲ್ಯಾಬಿನಿಂದ ಸಂಖ್ಯೆ ಬಂದ ಮೇಲೆ ಧನ ಮತ್ತು ಋಣ ಅಯಾನುಗಳ ಲೆಕ್ಕ ಶೇ. 5ರ ಒಳಗೆ ತಾಳೆಯಾಗದಿದ್ದರೆ ಮತ್ತೆ ಅಳೆಸಿ, ಸುಮ್ನೆ ಗ್ರಾಫ್ ಬಿಡಿಸಬೇಡಿ.

ಹೆಜ್ಜೆ 4: ಪರೀಕ್ಷೆ ಮತ್ತು ದುಡ್ಡು

ದುಡ್ಡಿಲ್ಲದೆ ಪಿಎಚ್.ಡಿಗೆ ಸೇರಬೇಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಫೀಲ್ಡಿಗೆ ಹೋಗುವ ಜೀಪಿನ ಬಾಡಿಗೆ ಕೈಯಿಂದ ಕೊಡೋಕೆ ಶುರು ಮಾಡಿದರೆ ಎರಡನೇ ವರ್ಷಕ್ಕೆ ಉತ್ಸಾಹ ಇಳಿದಿರುತ್ತದೆ.

ಮುಖ್ಯ ದಾರಿ ಸಿಎಸ್‌ಐಆರ್-ಯುಜಿಸಿ ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ. ನಮ್ಮ ವಿಷಯಕ್ಕೆ ಅಲ್ಲಿರುವ ಹೆಸರು 'ಭೂ, ವಾತಾವರಣ, ಸಾಗರ ಮತ್ತು ಗ್ರಹ ವಿಜ್ಞಾನ'. ಮೂರು ಗಂಟೆ, 200 ಅಂಕ. ಎ ಭಾಗ ಸಾಮಾನ್ಯ ಲೆಕ್ಕ ಮತ್ತು ತರ್ಕ, ಬಿ ಭಾಗದಲ್ಲಿ ಎಲ್ಲ ಶಾಖೆಗಳೂ ಬರುತ್ತವೆ, ಸಿ ಭಾಗದಲ್ಲಿ 100 ಅಂಕ. ಸಿ ಭಾಗದಲ್ಲಿ 80 ಪ್ರಶ್ನೆ ಇದ್ದರೂ ಬರೆಯಬೇಕಾದ್ದು 25 ಮಾತ್ರ. ಆದ್ದರಿಂದ ಜಿಯಾಲಜಿಯವರು ಹವಾಮಾನಶಾಸ್ತ್ರದ ಸಮೀಕರಣ ನೋಡಿ ಹೆದರಬೇಕಿಲ್ಲ, ನಿಮ್ಮ ಶಾಖೆಯದನ್ನೇ ಆರಿಸಿಕೊಂಡು ನಿಧಾನಕ್ಕೆ ಬರೆಯಿರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಊಹೆಯ ಮೇಲೆ ಹೊಡೆಯಬೇಡಿ.

ಅದರಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಆದಾಗ ₹42,000. ಇದು 2023ರ ಜನವರಿಯಿಂದ ಬಂದ ದರ, ಮನೆ ಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ, ಅಧಿಸೂಚನೆಯಲ್ಲಿ ನೋಡಿಕೊಳ್ಳಿ. 2024ರಿಂದ ಜೆಆರ್‌ಎಫ್ ಸಿಗದವರಿಗೂ 'ಪಿಎಚ್.ಡಿ ಪ್ರವೇಶಕ್ಕೆ ಮಾತ್ರ' ಅನ್ನುವ ಅರ್ಹತೆ ಕೊಡುತ್ತಿದ್ದಾರೆ. ಅದರ ಅಂಕ ಒಂದೇ ವರ್ಷ ನಡೆಯುತ್ತದೆ.

ಇನ್ನೊಂದು ದಾರಿ ಗೇಟ್, ಅದರಲ್ಲಿ ಜಿಯಾಲಜಿ ಮತ್ತು ಜಿಯೋಫಿಸಿಕ್ಸ್ ಪತ್ರಿಕೆ. ಫೆಬ್ರವರಿಯಲ್ಲಿ ಪರೀಕ್ಷೆ, ಅಂಕ ಮೂರು ವರ್ಷ ನಡೆಯುತ್ತದೆ. ಐಐಟಿಗಳಲ್ಲಿ ಇದರ ಮೇಲೆ ಸೇರಿದರೆ ಸಂಸ್ಥೆಯೇ ಫೆಲೋಶಿಪ್ ಕೊಡುವುದುಂಟು. ಎಂಎಸ್ಸಿಯಲ್ಲಿ ಯೂನಿವರ್ಸಿಟಿಗೆ ಮೊದಲ ರ್‍ಯಾಂಕ್ ಬಂದವರು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಇನ್‌ಸ್ಪೈರ್ ಫೆಲೋಶಿಪ್ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಕೇಂದ್ರದ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಕರ್ನಾಟಕದೊಳಗೆ ರಾಜ್ಯ ಸರ್ಕಾರದ ವಿಜ್ಞಾನ-ತಂತ್ರಜ್ಞಾನ ಪ್ರೋತ್ಸಾಹ ಸಂಸ್ಥೆ ಕೆಸ್ಟೆಪ್ಸ್ ಕೂಡ ಪಿಎಚ್.ಡಿ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತದೆ. ಇದ್ಯಾವುದೂ ಆಗಲಿಲ್ಲವೆಂದರೆ ಪ್ರಾಜೆಕ್ಟ್ ಫೆಲೋ ಆಗಿ ಸೇರಿ, ಅದೇ ಪ್ರಾಜೆಕ್ಟ್‌ನಲ್ಲಿ ಪಿಎಚ್.ಡಿ ನೋಂದಾಯಿಸುವ ದಾರಿ ಇದೆ. ಆಗ ಒಂದು ಮಾತು ಮೊದಲೇ ಕೇಳಿ: ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿದ ಮೇಲೆ ನನ್ನ ಗತಿ ಏನು?

ಯಾವ ಫೆಲೋಶಿಪ್ ಆದರೂ ದುಡ್ಡು ಖಾತೆಗೆ ತಡವಾಗಿ ಬೀಳುವುದು ಮಾಮೂಲು. ಮೂರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 5: ಗೈಡ್ ಮತ್ತು ಜಾಗ

ಈಗ ಬಂತು ನಾಲ್ಕನೇ ಪ್ರಶ್ನೆ. ರಾಜ್ಯದಲ್ಲಿ ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿವಿ, ಬೆಂಗಳೂರಿನ ಜ್ಞಾನಭಾರತಿ, ಶಂಕರಘಟ್ಟದ ಕುವೆಂಪು ವಿವಿ, ಸಮುದ್ರ ಭೂವಿಜ್ಞಾನಕ್ಕೆ ಮಂಗಳೂರು ವಿವಿ, ಕಲಬುರಗಿಯ ಕೇಂದ್ರೀಯ ವಿವಿ ಇವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸೆಂಟರ್ ಫಾರ್ ಅರ್ತ್ ಸೈನ್ಸಸ್ ಇದೆ. ಗಡಿ ದಾಟಿದರೆ ಹೈದರಾಬಾದಿನ ಎನ್‌ಜಿಆರ್‌ಐ ಭೂಕಂಪ, ಭೂಭೌತಕ್ಕೆ. ಗೋವಾದಲ್ಲಿ ಎರಡು, ಸಾಗರಕ್ಕೆ ಎನ್‌ಐಒ, ಧ್ರುವ ಪ್ರದೇಶಕ್ಕೆ ಎನ್‌ಸಿಪಿಒಆರ್. ಹಿಮಾಲಯ ಬೇಕಾದವರಿಗೆ ಡೆಹ್ರಾಡೂನಿನ ವಾಡಿಯಾ, ಪಳೆಯುಳಿಕೆಗೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಐಸೊಟೋಪ್ ಮತ್ತು ಗ್ರಹಗಳಿಗೆ ಅಹಮದಾಬಾದಿನ ಪಿಆರ್‌ಎಲ್.

ಹೆಸರು ನೋಡಿ ಸೇರಬೇಡಿ. ದೊಡ್ಡ ಸಂಸ್ಥೆಯಲ್ಲಿ ಯಂತ್ರ ಹತ್ತಿರದಲ್ಲಿರುತ್ತದೆ, ಹಾಗಂತ ಗೈಡ್ ಸಿಗುತ್ತಾರೆ ಅಂತೇನಿಲ್ಲ. ಸಣ್ಣ ಯೂನಿವರ್ಸಿಟಿಯ ಮೇಷ್ಟ್ರು ವಾರಕ್ಕೊಮ್ಮೆ ಕೂತು ನಿಮ್ಮ ಥಿನ್ ಸೆಕ್ಷನ್ (ಮೈಕ್ರೋಸ್ಕೋಪಿಗೆ ಅಂತ ತೆಳ್ಳಗೆ ಕತ್ತರಿಸಿದ ಕಲ್ಲಿನ ಚೂರು) ನೋಡುವವರಾದರೆ ಅದೇ ಮೇಲು. ನಿಯಮದ ಪ್ರಕಾರ ಪ್ರೊಫೆಸರ್ ಒಂದು ಹೊತ್ತಿಗೆ ಎಂಟು ಜನರನ್ನು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಜನರನ್ನು ಇಟ್ಟುಕೊಳ್ಳಬಹುದು. ಗೈಡ್ ಹತ್ತಿರ ಸೀಟು ಖಾಲಿ ಇದೆಯಾ, ನಿವೃತ್ತಿ ಯಾವಾಗ, ಎರಡನ್ನೂ ಮುಜುಗರ ಬಿಟ್ಟು ಕೇಳಿ.

ಅವರ ಹಳೇ ವಿದ್ಯಾರ್ಥಿಗಳ ಜೊತೆ ಫೋನಿನಲ್ಲಿ ಮಾತಾಡಿ. "ಸರ್ ಹೇಗೆ?" ಅಂತ ಕೇಳಿದರೆ ಎಲ್ಲರೂ "ಒಳ್ಳೆಯವರು" ಅಂತಲೇ ಹೇಳುತ್ತಾರೆ. "ಅಕ್ಕಾ, ನೀವು ಕೊಟ್ಟ ಅಧ್ಯಾಯ ಮೇಡಂ ಎಷ್ಟು ದಿನಕ್ಕೆ ನೋಡಿ ವಾಪಸ್ ಕೊಡ್ತಿದ್ರು?" ಅಂತ ಕೇಳಿ ನೋಡಿ. ಆ ಕಡೆ ಸ್ವಲ್ಪ ಹೊತ್ತು ಮಾತು ನಿಂತರೆ ನಿಮಗೆ ಉತ್ತರ ಸಿಕ್ಕಿತು.

ಗೈಡಿಗೆ ಮೊದಲ ಮೇಲ್ ಚಿಕ್ಕದಾಗಿರಲಿ. ಅವರ ಒಂದು ಪೇಪರ್ ಓದಿ, ಅದರಲ್ಲಿ ನಿಮಗೆ ಕಂಡ ಒಂದು ಪ್ರಶ್ನೆ, ನಿಮ್ಮ ಎಂಎಸ್ಸಿ ಪ್ರಾಜೆಕ್ಟ್ ಏನು, ನೆಟ್ ಅಥವಾ ಗೇಟ್ ಏನಾಗಿದೆ. ಇಷ್ಟು ಸಾಕು. ನೂರು ಜನಕ್ಕೆ ಒಂದೇ ಮೇಲ್ ಹಾಕಿದ್ದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 6: ನೋಂದಣಿ, ಕೋರ್ಸ್‌ವರ್ಕ್

ಯುಜಿಸಿಯ 2022ರ ನಿಯಮ ಇಲ್ಲಿ ಅಳತೆಗೋಲು. ಎಂಎಸ್ಸಿಯಲ್ಲಿ ಶೇ. 55, ಮೀಸಲಾತಿ ಇರುವವರಿಗೆ ಶೇ. 5 ಸಡಿಲಿಕೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಬಂದವರೂ ನೇರ ಬರಬಹುದು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಆಮೇಲೆ ಮರುನೋಂದಣಿಯಿಂದ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೂ ಎರಡು ವರ್ಷ ಸಿಗುತ್ತದೆ, ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದ ರಜೆಯೂ ಇದೆ. ಇದನ್ನು ಕೇಳಿ ಪಡೆಯಿರಿ, ಯಾರೂ ಕರೆದು ಕೊಡುವುದಿಲ್ಲ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದನ್ನು ಪಾಸಾಗೋಕೆ ಅಂತ ಓದಬೇಡಿ, ಆ ತಿಂಗಳುಗಳಲ್ಲಿ ನಕ್ಷೆ ಬಿಡಿಸೋಕೆ ಕ್ಯೂಜಿಐಎಸ್ ಮತ್ತು ಲೆಕ್ಕಕ್ಕೆ ಪೈಥಾನ್ ಅಥವಾ ಆರ್ ಕಲಿತುಬಿಡಿ. ಎರಡೂ ಪುಕ್ಕಟೆ. ಆಮೇಲೆ ಕಲಿಯೋಕೆ ಪುರುಸೊತ್ತು ಸಿಗುವುದಿಲ್ಲ.

ಹೆಜ್ಜೆ 7: ಫೀಲ್ಡು

ಮಳೆ ನಿಂತು ಹುಲ್ಲು ಒಣಗಿದ ಮೇಲೆ, ನವೆಂಬರ್‌ನಿಂದ ಮಾರ್ಚ್. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹೋದರೆ ಕಲ್ಲಿಗಿಂತ ಇಂಬಳ ಜಾಸ್ತಿ ಸಿಗುತ್ತವೆ. ಅರಣ್ಯ ಇಲಾಖೆ, ಗಣಿ, ಕ್ವಾರಿ ಮಾಲೀಕರ ಅನುಮತಿಗೆ ಅರ್ಜಿ ಹಾಕುವುದು ಜೂನ್‌ನಲ್ಲೇ, ನವೆಂಬರ್‌ನಲ್ಲಲ್ಲ. ಮರಡಿಹಳ್ಳಿ, ಲಾಲ್‌ಬಾಗ್, ಸೇಂಟ್ ಮೇರೀಸ್ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿ ಸುತ್ತಿಗೆ ಚೀಲದಲ್ಲೇ ಇರಲಿ.

ಬ್ರಂಟನ್ ಕಂಪಾಸ್, 10 ಪಟ್ಟು ದೊಡ್ಡದು ಮಾಡುವ ಲೆನ್ಸ್, ಸುತ್ತಿಗೆ, ಕಣ್ಣಿಗೆ ಕನ್ನಡಕ, ತೆಳು ಆಸಿಡ್ ಬಾಟಲಿ, ಪರ್ಮನೆಂಟ್ ಮಾರ್ಕರ್, ದಪ್ಪ ಪಾಲಿಥೀನ್ ಚೀಲ. ಸ್ಯಾಂಪಲ್ ನಂಬರನ್ನು ಕಲ್ಲಿನ ಮೇಲೂ ಬರೆಯಿರಿ, ಚೀಲದ ಮೇಲೂ ಬರೆಯಿರಿ, ಚೀಟಿಯಲ್ಲಿ ಬರೆದು ಒಳಗೂ ಹಾಕಿ. ಜೀಪಿನಲ್ಲಿ ಉಜ್ಜಿ ಉಜ್ಜಿ ಚೀಲದ ಮೇಲಿನ ಅಕ್ಷರ ಮಾಯವಾಗುತ್ತದೆ. ಫೋನಿನಲ್ಲಿ ಜಿಪಿಎಸ್ ಇದ್ದರೂ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಸ್ಥಳ ಬರೆಯಿರಿ, ಸ್ಕೆಚ್ ಬಿಡಿಸಿ. ಯಾವುದು ಯಾವುದನ್ನು ಕತ್ತರಿಸಿಕೊಂಡು ಹೋಗಿದೆ ಅನ್ನುವುದು ಫೋಟೋದಲ್ಲಿ ಗೊತ್ತಾಗುವುದಿಲ್ಲ, ಬಿಡಿಸುವಾಗ ಕಣ್ಣಿಗೆ ಬೀಳುತ್ತದೆ.

ಊರಿನವರ ವಿಷಯ. ಸುತ್ತಿಗೆ ಹಿಡಿದು ಗುಡ್ಡ ಹತ್ತುವವರನ್ನು ಕಂಡರೆ ಮೂರು ಅನುಮಾನ: ಚಿನ್ನ ಹುಡುಕುತ್ತಿದ್ದಾರೆ, ಗಣಿ ಬರುತ್ತದೆ, ಜಮೀನು ಹೋಗುತ್ತದೆ. ಮೊದಲು ಪಂಚಾಯಿತಿಗೆ ಹೋಗಿ ಕಾಗದ ತೋರಿಸಿ, ಟೀ ಅಂಗಡಿಯಲ್ಲಿ ಕೂತು ಏನು ಮಾಡುತ್ತಿದ್ದೀರಿ ಅಂತ ಹೇಳಿ. ನಂಬಿಕೆ ಬಂದ ಮೇಲೆ ಯಾರಾದರೂ ಒಬ್ಬ ಹಿರಿಯರು ಕೇಳಿಯೇ ಕೇಳುತ್ತಾರೆ, "ಸಾರ್, ನಮ್ಮ ಹೊಲದಾಗ ಒಂದು ಬೋರ್ ಪಾಯಿಂಟ್ ನೋಡಿ ಹೇಳ್ತೀರಾ?" ಗೊತ್ತಿಲ್ಲದಿದ್ದರೆ ಹೇಳಬೇಡಿ. ನಿಮ್ಮ ಮಾತು ನಂಬಿ ಅವರು ಸಾಲ ಮಾಡಿ ಕೊರೆಸುತ್ತಾರೆ. ಅಂತರ್ಜಲ ಓದಿದವರಾದರೆ, ಬಿರುಕು ಯಾವ ದಿಕ್ಕಿಗೆ ಓಡುತ್ತಿದೆ ಅಂತ ತೋರಿಸಿ, ಖಾತ್ರಿ ಇಲ್ಲ ಅಂತಲೂ ಹೇಳಿ.

ಹೆಜ್ಜೆ 8: ಹೊರದೇಶವಾದರೆ

ಜರ್ಮನಿ, ನಾರ್ವೆ ಕಡೆ ಪಿಎಚ್.ಡಿ ಅಂದರೆ ಸಂಬಳದ ಹುದ್ದೆ. ಪ್ರಶ್ನೆ ಮೊದಲೇ ನಿಗದಿಯಾಗಿರುತ್ತದೆ, ನೀವು ಕೆಲಸಕ್ಕೆ ಅರ್ಜಿ ಹಾಕುತ್ತೀರಿ. ಅಮೆರಿಕದಲ್ಲಿ ಡಿಪಾರ್ಟ್‌ಮೆಂಟಿಗೆ ಅರ್ಜಿ, ಕೋರ್ಸ್ ಜಾಸ್ತಿ, ಐದಾರು ವರ್ಷ, ಪಾಠ ಮಾಡಿ ಖರ್ಚು ತೂಗಿಸಬೇಕು. ಎರಡೂ ಕಡೆ ಗೈಡ್ ಜೊತೆ ಮೊದಲೇ ಮಾತಾಗಿರುವುದು ಮುಖ್ಯ. ಧಾರವಾಡ ಕ್ರೇಟಾನ್ ಮೇಲೆ ಕೆಲಸ ಮಾಡುವವರು ಹೊರಗೂ ಇದ್ದಾರೆ. ಆ ಕಲ್ಲುಗಳನ್ನು ನೋಡಿ, ನಡೆದು, ಕನ್ನಡದಲ್ಲಿ ದಾರಿ ಕೇಳಬಲ್ಲವರು ಅವರಿಗೆ ಬೇಕು. ಅದನ್ನು ಅರ್ಜಿಯಲ್ಲಿ ಧೈರ್ಯವಾಗಿ ಬರೆಯಿರಿ.

ಹೆಜ್ಜೆ 9: ಬರೆಯುವುದು, ವೈವಾ

2022ರ ನಿಯಮದಲ್ಲಿ ಪೇಪರ್ ಕಡ್ಡಾಯ ಅಂತ ಇಲ್ಲ. ಆದರೆ ನಿಮ್ಮ ವಿವಿಯ ನಿಯಮ ಬೇರೆ ಇರಬಹುದು, ಪೇಪರ್ ಇಲ್ಲದೆ ಮುಂದೆ ಕೆಲಸ ಸಿಗುವುದೂ ಕಷ್ಟ. ಮೂರನೇ ವರ್ಷದಲ್ಲಿ ಒಂದು ಪೇಪರ್ ಕಳಿಸಿ. ತೀರ್ಪುಗಾರರ ಬೈಗುಳ ಥೀಸಿಸ್‌ಗಿಂತ ಮುಂಚೆ ಬಂದರೆ ಲಾಭ. ದುಡ್ಡು ಕೇಳಿ ಹತ್ತು ದಿನದಲ್ಲಿ ಛಾಪಿಸುವ ಜರ್ನಲ್‌ಗಳ ಕಡೆ ತಲೆ ಹಾಕಬೇಡಿ, ಸಂದರ್ಶನದಲ್ಲಿ ಅದೇ ಮುಳುವಾಗುತ್ತದೆ.

ಬರೆಯುವಾಗ ವಿಧಾನದ ಅಧ್ಯಾಯದಿಂದ ಶುರು ಮಾಡಿ, ಪೀಠಿಕೆ ಕೊನೆಗೆ. ಕಂಡದ್ದು ಒಂದು ಕಡೆ, ನೀವು ಅಂದುಕೊಂಡದ್ದು ಇನ್ನೊಂದು ಕಡೆ. ಸಲ್ಲಿಸುವ ಮುಂಚೆ ನಕಲು ಪತ್ತೆ ತಂತ್ರಾಂಶದಲ್ಲಿ ಹಾಯಿಸುತ್ತಾರೆ, ಆಮೇಲೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ. ವೈವಾದಲ್ಲಿ ಕಷ್ಟದ ಪ್ರಶ್ನೆ ಐಸೊಟೋಪ್ ಬಗ್ಗೆ ಬರುವುದಿಲ್ಲ. "ಈ ಸ್ಯಾಂಪಲ್ ಇಲ್ಲಿಂದಲೇ ಯಾಕೆ ತಂದಿರಿ?" ಅನ್ನುವುದೇ ಕಷ್ಟದ ಪ್ರಶ್ನೆ. ಉತ್ತರ ಫೀಲ್ಡ್ ನೋಟ್‌ಬುಕ್ಕಿನಲ್ಲಿರುತ್ತದೆ, ಅದನ್ನು ವೈವಾಕ್ಕೆ ತೆಗೆದುಕೊಂಡು ಹೋಗಿ.

ಪದವಿ ಘೋಷಣೆಯಾದ ಮೇಲೆ ಘಟಿಕೋತ್ಸವದ ತನಕ ಕಾಯಬೇಡಿ. ಯುಜಿಸಿ ನಿಯಮದಂತೆ ಪದವಿ ಕೊಡಲಾಗಿದೆ ಅಂತ ಹೇಳುವ ತಾತ್ಕಾಲಿಕ ಪ್ರಮಾಣಪತ್ರವನ್ನು ಕೂಡಲೇ ಕೇಳಿ ತೆಗೆದುಕೊಳ್ಳಿ. ಅಸಿಸ್ಟೆಂಟ್ ಪ್ರೊಫೆಸರ್ ಅರ್ಜಿಗೆ ಮೊದಲು ಕೇಳುವುದು ಅದನ್ನೇ.